ಸ್ಟ್ರೆಸ್ ತೋರಿಸುವ ವಾಚು: ಉಸಿರಾಟಕ್ಕೆ ಸೈ, ಅಂಕಿಗೆ ಅಷ್ಟಕ್ಕಷ್ಟೆ

ಅಕೌಂಟ್ಸ್ ಕೆಲಸ ನನ್ನದು. ತಿಂಗಳ ಕೊನೆ ಬಂತೆಂದರೆ ಕುತ್ತಿಗೆ ಹಿಡಿದುಕೊಳ್ಳುತ್ತದೆ, ನಡುರಾತ್ರಿ ಎಚ್ಚರವಾಗುತ್ತದೆ. ನಿದ್ದೆಯಲ್ಲಿ ಹಲ್ಲು ಕಡಿಯುತ್ತೀರಾ ಅಂತ ಹಲ್ಲಿನ ಡಾಕ್ಟರೇ ಕೇಳಿದರು. ದವಡೆ ಹಲ್ಲುಗಳು ಸವೆದು ಚಪ್ಪಟೆಯಾಗಿದ್ದವು. ಅದಾದ ಮೇಲೆ ಕೊಂಡಿದ್ದು ಈ ಸ್ಮಾರ್ಟ್‌ವಾಚ್. ಕಂಪನಿ ಹೆಸರು ಬೇಡ ಬಿಡಿ.

ಇದು ಏನನ್ನು ಅಳೆಯುತ್ತದೆ ಅನ್ನುವುದು ಮೊದಲು ಗೊತ್ತಿರಲಿ. ಮನಸ್ಸನ್ನಂತೂ ಅಲ್ಲ. ಒತ್ತಡದ ಹಾರ್ಮೋನ್ ಆದ ಕಾರ್ಟಿಸಾಲನ್ನೂ ಅಲ್ಲ, ಅದಕ್ಕೆ ರಕ್ತವನ್ನೋ ಎಂಜಲನ್ನೋ ಲ್ಯಾಬಿಗೆ ಕೊಡಬೇಕು. ವಾಚಿನ ಹಿಂದಿನ ಹಸಿರು ದೀಪ ಚರ್ಮದಡಿ ಹರಿಯುವ ರಕ್ತದ ಏರಿಳಿತ ನೋಡುತ್ತದೆ, ಒಂದು ಬಡಿತಕ್ಕೂ ಮುಂದಿನದಕ್ಕೂ ಎಷ್ಟು ಅಂತರ ಅಂತ ಲೆಕ್ಕ ಹಾಕುತ್ತದೆ. ಆರಾಮಾಗಿರುವ ಹೃದಯ ಒಂದೇ ಸಮ ಬಡಿಯುವುದಿಲ್ಲ. ಉಸಿರೆಳೆದಾಗ ಕೊಂಚ ಬೇಗ, ಬಿಟ್ಟಾಗ ಕೊಂಚ ನಿಧಾನ. ಒತ್ತಡವಿದ್ದಾಗ ಈ ಏರುಪೇರು ಕಡಿಮೆಯಾಗುತ್ತದೆ. ಅದನ್ನೇ 100ರೊಳಗಿನ ಒಂದು ಅಂಕಿ ಮಾಡಿ ತೋರಿಸುತ್ತದೆ, ಅಷ್ಟೆ.

ಎಡವಟ್ಟು ಇರುವುದೂ ಇಲ್ಲೇ. ಗೆಳೆಯರ ಜೊತೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕರೂ ಒತ್ತಡ ಜಾಸ್ತಿ ಅನ್ನುತ್ತದೆ. ಜ್ವರ ಬಂದರೂ ಅದೇ, ಕಾಫಿ ಕುಡಿದರೂ ಅದೇ. ಆದರೆ ಹೊಂದಾಣಿಕೆಯಾಗದ ಲೆಕ್ಕದ ಮುಂದೆ ದವಡೆ ಬಿಗಿಹಿಡಿದು, ಭುಜ ಕಿವಿಯ ಹತ್ತಿರ ಏರಿಸಿಕೊಂಡು ಕೂತಿದ್ದಾಗ ನೋಡಿದರೆ 28, ‘ಆರಾಮ’! ಸ್ನಾಯು ಬಿಗಿಯುವುದು ಇದಕ್ಕೆ ಕಾಣುವುದೇ ಇಲ್ಲ.

ಹಾಗಾಗಿ ಆ ಕ್ಷಣದ ಅಂಕಿ ನೋಡುವುದನ್ನೇ ಬಿಟ್ಟಿದ್ದೇನೆ. ನೋಡಬೇಕಾದ್ದು ರಾತ್ರಿಯ ಗ್ರಾಫ್, ಅದೂ ವಾರಗಟ್ಟಲೆ. ದಿಢೀರ್ ಬಂದು ಹೋಗುವ ಒತ್ತಡ ದೇಹಕ್ಕೆ ಲೆಕ್ಕಕ್ಕಿಲ್ಲ. ಕಿಡ್ನಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ ಹಾರ್ಮೋನ್ ಬಿಡುತ್ತದೆ, ಬಿಪಿ, ಶುಗರ್ ಏರುತ್ತವೆ, ಜೀರ್ಣ ನಿಧಾನವಾಗುತ್ತದೆ, ಆಮೇಲೆ ಎಲ್ಲ ಇಳಿಯುತ್ತದೆ. ಇಳಿಯದೇ ತಿಂಗಳುಗಟ್ಟಲೆ ನಿಂತರೆ ಕಷ್ಟ. ಮರೆವಿನ ಕಾಯಿಲೆಯ ಮನೆಯವರನ್ನು ನೋಡಿಕೊಳ್ಳುತ್ತಿದ್ದ ಹೆಂಗಸರ ತೋಳಲ್ಲಿ ಪುಟ್ಟ ಗಾಯ ಮಾಡಿ ಪರೀಕ್ಷಿಸಿದ ಅಧ್ಯಯನವೊಂದು 1995ರಲ್ಲಿ ಪ್ರಕಟವಾಯಿತು. ಗಾಯ ಮಾಯಲು ಅವರಿಗೆ ಬೇರೆಯವರಿಗಿಂತ ಸುಮಾರು 9 ದಿನ ಜಾಸ್ತಿ ಹಿಡಿದಿತ್ತು. ಒತ್ತಡ ಬರೀ ತಲೆಯೊಳಗಿನ ವಿಷಯ ಅನ್ನುವವರಿಗೆ ನಾನು ಇದನ್ನೇ ಹೇಳುವುದು.

ನನ್ನ ಗ್ರಾಫ್‌ನಲ್ಲಿ ತಿಂಗಳ ಕೊನೆಯ ರಾತ್ರಿಗಳು ಬೆಳಗಿನ ಜಾವದವರೆಗೂ ಕಿತ್ತಳೆ ಬಣ್ಣ, ಅಂದರೆ ಒತ್ತಡ. ಸಂಜೆ ಕಾಫಿ ನಿಲ್ಲಿಸಿದ ಮೇಲೆ ಆರಾಮದ ನೀಲಿ ಬೇಗ ಶುರುವಾಗುತ್ತಿದೆ. ಕುಡಿದ ಕೆಫೀನ್‌ನಲ್ಲಿ ಅರ್ಧ ಇಳಿಯಲು ಸುಮಾರು 5 ಗಂಟೆ ಬೇಕಂತೆ, ಆಶ್ಚರ್ಯವೇನಿಲ್ಲ. ಊಟವಾದ ಮೇಲೆ ನಡೆದ ದಿನಗಳೂ ಚೆನ್ನಾಗಿವೆ.

ಕೊಟ್ಟ ದುಡ್ಡಿಗೆ ಮೋಸವಿಲ್ಲ ಅನ್ನಿಸಿದ್ದು ಉಸಿರಾಟದ ಅಭ್ಯಾಸದಲ್ಲಿ. ಮಣಿಕಟ್ಟಿನ ಮೇಲೆ ಮೆಲ್ಲಗೆ ಕಂಪಿಸುತ್ತದೆ: 4 ಸೆಕೆಂಡ್ ಎಳೆ, 6 ಸೆಕೆಂಡ್ ಬಿಡು. ಅಂದರೆ ನಿಮಿಷಕ್ಕೆ 6 ಉಸಿರು. ಉಸಿರು ಬಿಡುವಾಗ ಮೆದುಳಿನಿಂದ ಇಳಿದು ಬರುವ ವೇಗಸ್ ನರ ಹೃದಯಕ್ಕೆ ಬ್ರೇಕ್ ಹಾಕುತ್ತದೆ. ಕಣ್ಣು ಮುಚ್ಚಿಕೊಂಡೇ ಮಾಡಬಹುದು, ಮೀಟಿಂಗ್‌ನಲ್ಲೂ ಯಾರಿಗೂ ಗೊತ್ತಾಗುವುದಿಲ್ಲ. ನಿಜ ಹೇಳಬೇಕೆಂದರೆ ಇದನ್ನು ವಾಚಿಲ್ಲದೆ ಸುಮ್ನೆ ಎಣಿಸಿಯೂ ಮಾಡಬಹುದು. ನಾನಂತೂ ಎಣಿಸುವವಳಲ್ಲ, ದಿನವಿಡೀ ಅದೇ ಕೆಲಸ ಅಲ್ವಾ!

‘ನೀವು ಒತ್ತಡದಲ್ಲಿದ್ದೀರಿ’ ಅನ್ನುವ ಅಲರ್ಟನ್ನು ಮೊದಲ ದಿನವೇ ಆಫ್ ಮಾಡಿ. ಬಾಸ್ ಕೂಗಾಡುವಾಗ ಇದೂ ಕೈ ಮೇಲೆ ಗುಂಯ್ ಅಂದರೆ ಯಾರಿಗೆ ತಾನೇ ಒತ್ತಡ ಇಳಿಯುತ್ತದೆ?

ಐದಕ್ಕೆ ಮೂರು ಸ್ಟಾರ್. ಅಂಕಿ ಕಂಡರೆ ಗಾಬರಿಯಾಗುವವರಿಗೆ ಬೇಡ. ಎದೆಬಡಿತ ಏರುಪೇರಾಗುವ ಕಾಯಿಲೆ ಇರುವವರಿಗೂ ಬೇಡ, ಲೆಕ್ಕವೇ ತಪ್ಪುತ್ತದೆ. ಎದೆನೋವು ಬಂದರೆ ವಾಚ್ ನೋಡುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಜೊತೆಗೆ ಬರುವ ರಬ್ಬರ್ ಪಟ್ಟಿಯಡಿ ಬೆವರು ನಿಂತು ಚರ್ಮ ಕೆಂಪಾಗುತ್ತದೆ. ಬಟ್ಟೆಯ ಪಟ್ಟಿ ಬೇರೆ ತಗೊಳ್ಳಿ, ಮಣಿಕಟ್ಟಿನ ಮೂಳೆಗಿಂತ ಒಂದು ಬೆರಳು ಮೇಲೆ ಕಟ್ಟಿ. ಸಡಿಲವಿದ್ದರೆ ಬೆಳಕು ಒಳನುಗ್ಗಿ ಅಂಕಿ ಇನ್ನಷ್ಟು ಕೆಡುತ್ತದೆ.