ಹಾಸನಾಂಬೆ ಜಾತ್ರೆಗೆ ಬಟ್ಟೆ ಅಂಗಡಿ ಸೇರುವವರೇ, ಹೆಚ್ಚುವರಿ ಗಂಟೆಗಳ (ಓಟಿ) ದರ ಮೊದಲೇ ಕೇಳಿ

ಹಾಸನದ ದೊಡ್ಡ ಬಟ್ಟೆ ಅಂಗಡಿಯೊಂದರ ಸೀರೆ ವಿಭಾಗದಲ್ಲಿ ದುಡಿದು ಹೊರಬಂದವಳು ನಾನು. ಅಂಗಡಿಯ ಹೆಸರು ಬೇಡ, ಅಲ್ಲಿನ ವರಸೆ ತಿಳಿದರೆ ಸಾಕು.

ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಹಾಸನಾಂಬೆಯ ಬಾಗಿಲು ತೆರೆದರೆ ಬಲಿಪಾಡ್ಯಮಿ ದಾಟುವವರೆಗೆ ಊರಿಗೆ ನಿದ್ದೆಯಿಲ್ಲ. ದರ್ಶನ ಮುಗಿಸಿದವರು ಹಾಗೆಯೇ ದೀಪಾವಳಿ ಬಟ್ಟೆಗೂ ನುಗ್ಗುತ್ತಾರೆ. ಬೆಳಿಗ್ಗೆ ಒಂಬತ್ತೂವರೆಗೆ ಶಟರ್ ಎತ್ತಿದರೆ, ಗಿರಾಕಿಗಳು ಬಿಚ್ಚಿಸಿ ಹೋದ ಸೀರೆಗಳನ್ನೆಲ್ಲ ಮಡಿಸಿಟ್ಟು ಹೊರಡುವಾಗ ರಾತ್ರಿ ಹತ್ತು ದಾಟುತ್ತಿತ್ತು. ಆದರೆ ಹಾಜರಿ ಪುಸ್ತಕದಲ್ಲಿ ನಾವು ಹೊರಟ ಸಮಯ 6.30 ಎಂದು ಮೊದಲೇ ಬರೆದಿರುತ್ತಿತ್ತು, ಎಲ್ಲರ ಹೆಸರಿನ ಮುಂದೆಯೂ ಒಂದೇ ಕೈಬರಹದಲ್ಲಿ. ಸಹಿ ಮಾತ್ರ ನಮ್ಮದು.

ನನ್ನ ಸಂಬಳ 15,600 ರೂಪಾಯಿ. ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆಯಂತೆ ಲೆಕ್ಕ ಹಾಕಿದರೆ ಗಂಟೆಗೆ 75. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯ ಪ್ರಕಾರ ಓಟಿಗೆ ಮಾಮೂಲಿ ದರದ ಎರಡರಷ್ಟು ಕೊಡಬೇಕು, ಅಂದರೆ 150. ನನಗೆ ಸಿಕ್ಕಿದ್ದು ಗಂಟೆಗೆ 40! ಅದೂ ಸಂಬಳದ ಚೀಟಿಯಲ್ಲಿ ‘ಹಬ್ಬದ ಭತ್ಯೆ’ ಎಂಬ ಹೆಸರಿನಲ್ಲಿ, ದೊಡ್ಡ ಉಪಕಾರ ಮಾಡಿದಂತೆ.

ಅದರ ಕೆಳಗೆ ಇನ್ನೆರಡು ಸಾಲು. ಸಮವಸ್ತ್ರದ ಸೀರೆಗೆ ಇಷ್ಟು, ‘ಸ್ಟಾಕ್ ಕೊರತೆ’ಗೆ ಇಷ್ಟು ಎಂದು ಮುರಿದುಕೊಂಡಿದ್ದರು. ಕಳೆದುಹೋದ ಮಾಲಿನ ಬೆಲೆಯನ್ನು ಇಡೀ ಮಹಡಿಯವರಿಗೆ ಹಂಚಿದ್ದರು. ಕೇಳಿದರೆ ಮ್ಯಾನೇಜರ್, “ಎಲ್ಲರಿಗೂ ಹಿಡಿದಿದ್ದೇವಮ್ಮ, ನಿನಗೊಬ್ಬಳಿಗೇ ಅಲ್ಲ” ಎಂದರು. ಎಲ್ಲರಿಗೂ ಹಿಡಿದರೆ ಅದು ನ್ಯಾಯವೇ? ಮಾಲನ್ನು ನಿರ್ದಿಷ್ಟವಾಗಿ ನಮ್ಮ ವಶಕ್ಕೆ ಕೊಟ್ಟಿದ್ದು, ನಮ್ಮದೇ ನಿರ್ಲಕ್ಷ್ಯದಿಂದ ಅದು ಹೋಗಿದ್ದರೆ ಮಾತ್ರ ಆ ಹಣ ಹಿಡಿಯಬಹುದು. ಹಿಡಿಯುವ ಮೊದಲು ನಮ್ಮ ಮಾತನ್ನೂ ಕೇಳಬೇಕು. ದಂಡ ಹಾಕಿದರೂ ಅದು ಸಂಬಳದ ಶೇ. 3ನ್ನು ಮೀರುವಂತಿಲ್ಲ.

ಕಾರ್ಮಿಕ ಇಲಾಖೆಯ ಕಚೇರಿಗೆ ಬರವಣಿಗೆಯಲ್ಲಿ ದೂರು ಕೊಟ್ಟೆ. ಸ್ಟಾಕಿನ ಹೆಸರಿನಲ್ಲಿ ಹಿಡಿದ ಹಣ ಸದ್ದಿಲ್ಲದೆ ವಾಪಸ್ ಬಂತು. ಓಟಿಯ ಮಾತು ಬಂದಾಗ ಮಾಲೀಕರು ಹಾಜರಿ ಪುಸ್ತಕವನ್ನೇ ಮುಂದಿಟ್ಟರು: “ಆರೂವರೆಗೆ ಹೋಗಿದ್ದೇನೆಂದು ಇವರೇ ಸಹಿ ಮಾಡಿದ್ದಾರಲ್ಲ!” ಅದನ್ನು ಅಲುಗಾಡಿಸಿದ್ದು ಒಂದು ಬಿಲ್ಲು. ನನ್ನ ಪರಿಚಯದ ಗಿರಾಕಿಯೊಬ್ಬರು ಇಟ್ಟುಕೊಂಡಿದ್ದ ಅದರಲ್ಲಿ ರಾತ್ರಿ 9.52ರ ಸಮಯವೂ ನನ್ನ ಸೇಲ್ಸ್ ಕೋಡೂ ಅಚ್ಚಾಗಿದ್ದವು. ಜೊತೆಗೆ “ಇವತ್ತು ಹತ್ತರ ಮೊದಲು ಯಾರೂ ಹೊರಡುವಂತಿಲ್ಲ” ಎಂದು ಮ್ಯಾನೇಜರ್ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿದ್ದ ಸಂದೇಶಗಳು. ಓಟಿಯ ವಿಚಾರಣೆ ಇನ್ನೂ ನಡೆಯುತ್ತಿದೆ.

ಸೇರುವಾಗಲೇ ಓಟಿ ಗಂಟೆಗೆ ಎಷ್ಟು ಎಂದು ಕೇಳಿ, ಬರೆಸಿಕೊಳ್ಳಿ. ಮೊದಲೇ ಸಮಯ ತುಂಬಿದ ಪುಟಕ್ಕೆ ಸಹಿ ಕೇಳಿದರೆ ನಿಜವಾಗಿ ಹೊರಟ ಸಮಯವನ್ನು ಪಕ್ಕದಲ್ಲಿ ಬರೆಯಿರಿ, ಬಿಡದಿದ್ದರೆ ಆಗಲೇ ಮೊಬೈಲ್‌ನಲ್ಲಿ ಗುರುತು ಹಾಕಿಟ್ಟುಕೊಳ್ಳಿ. ಕೆಲಸ ಬಿಡುವ ದಿನ ಗುಂಪಿನಿಂದ ನಿಮ್ಮನ್ನು ತೆಗೆದುಹಾಕುತ್ತಾರೆ. ಸಂದೇಶಗಳ ಚಿತ್ರವನ್ನು ಅದಕ್ಕೂ ಮೊದಲೇ ತೆಗೆದಿಡಿ.