ಬೇಜೆಲ್‌ನಲ್ಲಿ ಟ್ಯಾಬ್ ಪೂರ್ಣಗೊಳಿಸುವಿಕೆ: ಬ್ಯಾಶ್ ಸಾಕೇ, ಜೆಡ್‌ಶೆಲ್ ಬೇಕೇ?

ಬೇಜೆಲ್ ಎಂದರೆ ಕೋಡ್‌ನಿಂದ ತಂತ್ರಾಂಶ ಕಟ್ಟುವ ಸಾಧನ; ಬ್ಯಾಶ್, ಜೆಡ್‌ಶೆಲ್ (zsh) ಎರಡೂ ಟರ್ಮಿನಲ್‌ನಲ್ಲಿ ಆಜ್ಞೆ ಬರೆಯುವ ಶೆಲ್‌ಗಳು. ಅರ್ಧ ಬರೆದ ಆಜ್ಞೆಯನ್ನು ಟ್ಯಾಬ್ ಒತ್ತಿ ಪೂರ್ತಿಮಾಡಿಸಲು ಇವುಗಳಿಗೆ ಬೇಜೆಲ್‌ನ ಸ್ಕ್ರಿಪ್ಟ್ ಬೇಕು. ಹೊಂದಿಸುವ ಕೆಲಸದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಉಬುಂಟುವಿನಲ್ಲಿ ಬೇಜೆಲ್‌ನ ಅಧಿಕೃತ ಪ್ಯಾಕೇಜ್ ಹಾಕಿಕೊಂಡರೆ ಎರಡೂ ಶೆಲ್‌ಗಳ ಸ್ಕ್ರಿಪ್ಟ್ ಜೊತೆಗೇ ಬರುತ್ತದೆ. ಹೊಸ ಟರ್ಮಿನಲ್ ತೆರೆದರೆ ಸಾಕು. ಕೈಯಾರೆ ಹೊಂದಿಸುವುದಾದರೆ ಜೆಡ್‌ಶೆಲ್‌ಗೆ ತುಸು ಉಪಚಾರ ಬೇಕು. ಅದರ ಪೂರ್ಣಗೊಳಿಸುವ ಕಡತವನ್ನು ಒಂದು ಫೋಲ್ಡರಿಗೆ ಹಾಕಿ, ಆ ಫೋಲ್ಡರನ್ನು ಜೆಡ್‌ಶೆಲ್ ಹುಡುಕುವ ಜಾಗಗಳ ‘ಎಫ್‌ಪಾತ್’ ಪಟ್ಟಿಗೆ ಸೇರಿಸಿ, ಆಮೇಲೆ ಪೂರ್ಣಗೊಳಿಸುವಿಕೆಯನ್ನು ಚಾಲೂ ಮಾಡುವ ‘ಕಾಂಪ್‌ಇನಿಟ್’ ಓಡಿಸಬೇಕು. ಈ ಕ್ರಮ ತಲೆಕೆಳಗಾದರೆ ಏನೂ ಕಾಣಿಸುವುದಿಲ್ಲ, ದೋಷದ ಸಂದೇಶವೂ ಬರುವುದಿಲ್ಲ.

ನಿಜವಾದ ವ್ಯತ್ಯಾಸ ಗೊತ್ತಾಗುವುದು ಟಾರ್ಗೆಟ್‌ಗಳ, ಅಂದರೆ ಬೇಜೆಲ್ ಕಟ್ಟಬೇಕಾದ ಘಟಕಗಳ, ಹೆಸರುಗಳಲ್ಲಿ. ‘//ಆ್ಯಪ್:’ ಎಂದು ಬರೆದು ಟ್ಯಾಬ್ ಒತ್ತಿದಾಗ ಬ್ಯಾಶ್ ಸ್ಕ್ರಿಪ್ಟ್ ಟಾರ್ಗೆಟ್‌ಗಳನ್ನು ಬರೆದಿಡುವ ಬಿಲ್ಡ್ ಕಡತವನ್ನು ಬರೀ ಪಠ್ಯವಾಗಿ ಓದಿ ಹೆಸರುಗಳನ್ನು ಹೆಕ್ಕುತ್ತದೆ. ಉತ್ತರ ಥಟ್ಟನೆ ಬರುತ್ತದೆ, ಆದರೆ ಮ್ಯಾಕ್ರೋಗಳು (ಟಾರ್ಗೆಟ್‌ಗಳನ್ನು ತಾವೇ ತಯಾರಿಸುವ ಫಂಕ್ಷನ್‌ಗಳು) ಹುಟ್ಟಿಸಿದ ಟಾರ್ಗೆಟ್‌ಗಳು ಅದರ ಕಣ್ಣಿಗೆ ಬೀಳುವುದಿಲ್ಲ. ಅವೂ ಬೇಕೆಂದರೆ ಒಂದು ಪರಿಸರ ಚರಾಂಕವನ್ನು ಹೊಂದಿಸಿ ಟಾರ್ಗೆಟ್‌ಗಳನ್ನು ಪಟ್ಟಿಮಾಡುವ ಬೇಜೆಲ್‌ನ ಕ್ವೆರಿ ಆಜ್ಞೆಯನ್ನೇ ಬಳಸುವಂತೆ ಹೇಳಬಹುದು. ಜೆಡ್‌ಶೆಲ್ ಸ್ಕ್ರಿಪ್ಟ್ ಮೊದಲಿನಿಂದಲೂ ಕ್ವೆರಿಯನ್ನೇ ಕೇಳುತ್ತದೆ. ಹೀಗಾಗಿ ಪಟ್ಟಿ ನಂಬುವಂತಿರುತ್ತದೆ; ದೊಡ್ಡ ರೆಪಾಸಿಟರಿಯಲ್ಲಿ ಮಾತ್ರ ಟ್ಯಾಬ್ ಒತ್ತಿ ಕಾಯುವ ತಾಳ್ಮೆ ಬೇಕು. ಕ್ಯಾಶ್ ಚಾಲೂ ಮಾಡಿದರೆ ಬೇಜೆಲ್‌ನ ಆಯ್ಕೆಗಳನ್ನು (options) ಮತ್ತೆ ಮತ್ತೆ ಓದುವುದು ತಪ್ಪುತ್ತದೆ.

ಮ್ಯಾಕ್‌ನವರಿಗೆ 2019ರ ಕ್ಯಾಟಲಿನಾ ಆವೃತ್ತಿಯಿಂದ ಜೆಡ್‌ಶೆಲ್ಲೇ ಡೀಫಾಲ್ಟ್ ಶೆಲ್. ಅಲ್ಲಿರುವ ಬ್ಯಾಶ್ 3.2 ಹಳೆಯದು, ಇದೊಂದಕ್ಕಾಗಿ ಅದಕ್ಕೆ ಮರಳುವುದು ವ್ಯರ್ಥ ಶ್ರಮ. ಮ್ಯಾಕ್ರೋ ತುಂಬಿದ ಯೋಜನೆಯಾದರೆ ಜೆಡ್‌ಶೆಲ್ ಆರಿಸಿಕೊಳ್ಳಿ. ಲಿನಕ್ಸ್ ಸರ್ವರ್‌ಗಳಿಗೆ ದಿನವಿಡೀ ಲಾಗಿನ್ ಆಗುವವರು ಬ್ಯಾಶ್ ಬಿಡುವ ಅಗತ್ಯವಿಲ್ಲ.