ಮೂರು ಅಕ್ಷರ, ಹಲವು ಮನೆತನ: ಎಟಿಮ್‌ಆನ್‌ಲೈನ್ ಪದಮೂಲ ನಿಘಂಟಿನ ವಿಮರ್ಶೆ

ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವ ನನ್ನ ಅಕ್ಕನ ಮಗಳು, ತರಬೇತಿ ಕೇಂದ್ರವೊಂದರಲ್ಲಿ ಕೊಟ್ಟ ಇಂಗ್ಲಿಷ್ ಪದಗಳ ಪುಸ್ತಿಕೆಯನ್ನು ಕಳೆದ ಮಳೆಗಾಲದಲ್ಲಿ ನನ್ನ ಮುಂದೆ ತಂದಿಟ್ಟಳು. ಎಂ, ಎ, ಎನ್ ಎಂಬ ಮೂರು ಅಕ್ಷರಗಳಿಂದ ಆರಂಭವಾಗುವ ಪದಗಳೆಲ್ಲ ಅಲ್ಲಿ ಒಂದೇ ಚೌಕದೊಳಗೆ ಸೇರಿದ್ದವು; ಚೌಕದ ಮೇಲ್ಭಾಗದಲ್ಲಿ ‘ಮ್ಯಾನ್ ಎಂದರೆ ಮನುಷ್ಯ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಆ ಸೂತ್ರದಂತೆ ಮ್ಯಾನ್ಯುಯಲ್ ಎಂದರೆ ಮನುಷ್ಯರೇ ಮಾಡುವ ಕೆಲಸ, ಮ್ಯಾನುಸ್ಕ್ರಿಪ್ಟ್ ಎಂದರೆ ಮನುಷ್ಯ ಬರೆದದ್ದು. ಅರ್ಥ ಹೇಗೋ ಕೂಡಿಬರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಅವಳಿಗೆ ಬಂದಿತ್ತು. ‘ಮಾಮ, ಗೊಬ್ಬರಕ್ಕೆ ಮನ್ಯೂರ್ ಅಂತಾರಲ್ಲ, ಅದರಲ್ಲಿ ಮನುಷ್ಯ ಎಲ್ಲಿದ್ದಾನೆ?’ ಎಂದು ಕೇಳಿದಳು. ಉತ್ತರಕ್ಕಾಗಿ ನಾನು ತೆರೆದದ್ದು ಎಟಿಮ್‌ಆನ್‌ಲೈನ್ ಎಂದು ಹೆಸರಾದ ಆನ್‌ಲೈನ್ ಎಟಿಮಾಲಜಿ ಡಿಕ್ಷನರಿಯನ್ನು. ಅನುವಾದದ ಕೆಲಸಕ್ಕಾಗಿ ಬಹುಕಾಲದಿಂದ ಬಳಸುತ್ತಿದ್ದರೂ, ಅದರ ಬಲ ಎಲ್ಲಿದೆ, ಕೊರತೆ ಎಲ್ಲಿದೆ ಎಂದು ನಾನು ಕೂತು ಪರೀಕ್ಷಿಸಿದ್ದು ಆ ಮೂರು ಅಕ್ಷರಗಳ ನೆಪದಲ್ಲಿಯೇ.

ಇದು ಅಮೆರಿಕದ ಪೆನ್ಸಿಲ್ವೇನಿಯಾದ ಡಗ್ಲಾಸ್ ಹಾರ್ಪರ್ ಎಂಬವರು 2000ರ ದಶಕದ ಆರಂಭದಲ್ಲಿ ತೊಡಗಿ ಬೆಳೆಸಿಕೊಂಡು ಬಂದಿರುವ ಜಾಲತಾಣ. ಹಣ ಕೊಡದೆ ಓದಬಹುದು. ಆಕ್ಸ್‌ಫರ್ಡ್ ನಿಘಂಟು ಸೇರಿದಂತೆ ಹಲವು ಹಳೆಯ, ಹೊಸ ಪದಮೂಲ ಕೋಶಗಳನ್ನು ಆಧರಿಸಿ, ಒಂದೊಂದು ಪದಕ್ಕೂ ಅದು ಇಂಗ್ಲಿಷಿನ ಬರಹದಲ್ಲಿ ಮೊದಲು ಕಾಣಿಸಿಕೊಂಡ ಕಾಲ, ಯಾವ ಭಾಷೆಯಿಂದ ಬಂತು, ಅಲ್ಲಿಗೆ ಮೊದಲು ಎಲ್ಲಿತ್ತು ಎಂಬುದನ್ನು ಒಂದೆರಡು ಪ್ಯಾರಾಗಳಲ್ಲಿ ಹೇಳಲಾಗಿದೆ. ಆ ವರ್ಷಗಳು ಉಳಿದುಬಂದಿರುವ ಲಿಖಿತ ದಾಖಲೆಯ ವರ್ಷಗಳೇ ಹೊರತು ಪದ ಹುಟ್ಟಿದ ವರ್ಷಗಳಲ್ಲ, 1700ಕ್ಕಿಂತ ಹಿಂದಿನವು ಅಂದಾಜು ಮಾತ್ರ ಎಂಬ ಎಚ್ಚರಿಕೆಯನ್ನು ತಾಣವೇ ಕೊಡುತ್ತದೆ. ಅರ್ಥಕೋಶವೆಂದು ಭಾವಿಸಿ ಇಲ್ಲಿಗೆ ಬಂದವರಿಗೆ ನಿರಾಶೆಯಾದೀತು. ಇಂದಿನ ಬಳಕೆಯನ್ನು ಕಲಿಸುವುದು ಇದರ ಉದ್ದೇಶವಲ್ಲ.

ಹುಡುಕುವ ಪೆಟ್ಟಿಗೆಯಲ್ಲಿ ಆ ಮೂರು ಅಕ್ಷರಗಳನ್ನು ಒತ್ತಿದರೆ ಸಾಲುಸಾಲು ಪದಗಳು ಬರುತ್ತವೆ. ಪುಸ್ತಿಕೆಯ ಚೌಕ ಒಡೆಯುವುದು ಇಲ್ಲಿಯೇ. ಮ್ಯಾನ್ಯುಯಲ್, ಮ್ಯಾನುಸ್ಕ್ರಿಪ್ಟ್, ಮ್ಯಾನುಫ್ಯಾಕ್ಚರ್, ಮ್ಯಾನೇಜ್, ಮ್ಯಾಂಡೇಟ್, ಮ್ಯಾನಿಕ್ಯೂರ್ ಇವುಗಳಲ್ಲಿ ಇರುವುದು ಮನುಷ್ಯನಲ್ಲ, ಅವನ ಕೈ ಮಾತ್ರ: ಲ್ಯಾಟಿನ್ನಿನ ‘ಮಾನುಸ್’. ಕೈಯಲ್ಲಿ ಬರೆದದ್ದು, ಕೈಯಲ್ಲಿ ಮಾಡಿದ್ದು, ಕೈಗೆ ಒಪ್ಪಿಸಿದ್ದು ಎಂದು ಒಂದೊಂದಾಗಿ ಬಿಡಿಸಿಕೊಳ್ಳುತ್ತಾ ಹೋದಂತೆ ಕನ್ನಡಿಗನಿಗೆ ಪರಿಚಿತ ದಾರಿಯಲ್ಲಿ ನಡೆಯುತ್ತಿರುವಂತೆ ಅನಿಸುತ್ತದೆ. ಏಕೆಂದರೆ ನಾವು ಮ್ಯಾನ್ಯುಯಲ್‌ಗೆ ಕೈಪಿಡಿ ಎನ್ನುತ್ತೇವೆ, ಮ್ಯಾನುಸ್ಕ್ರಿಪ್ಟ್‌ಗೆ ಹಸ್ತಪ್ರತಿ ಎನ್ನುತ್ತೇವೆ, ಯಂತ್ರಗಳೇ ಎಲ್ಲವನ್ನೂ ಮಾಡುವ ಈ ಕಾಲದಲ್ಲಿಯೂ ಕೈಗಾರಿಕೆ ಎಂಬ ಪದವನ್ನು ಬಿಟ್ಟಿಲ್ಲ. ಮ್ಯಾನೇಜ್ ಎಂಬುದು ಇಟಲಿಯಲ್ಲಿ ಕುದುರೆಯನ್ನು ಪಳಗಿಸಿ ಕೈವಶ ಮಾಡಿಕೊಳ್ಳುವುದಕ್ಕೆ ಇದ್ದ ಮಾತಿನಿಂದ ಬಂದದ್ದು. ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ.

ಅಕ್ಕನ ಮಗಳ ಮನ್ಯೂರ್ ಕೂಡ ಈ ಕೈಯ ಮನೆತನದ್ದೇ. ಲ್ಯಾಟಿನ್ನಿನ ‘ಕೈಯಿಂದ ದುಡಿ’ ಎಂಬ ಮಾತು ಹಳೆಯ ಫ್ರೆಂಚಿಗೆ ಬಂದು ಸವೆದು, ಇಂಗ್ಲಿಷಿನಲ್ಲಿ 1400ರ ಸುಮಾರಿಗೆ ‘ಹೊಲ ಉಳು, ಭೂಮಿಯನ್ನು ಸಾಗು ಮಾಡು’ ಎಂಬ ಕ್ರಿಯಾಪದವಾಗಿ ಕಾಣಿಸಿಕೊಂಡಿತು. ಆಮೇಲೆ 16ನೆಯ ಶತಮಾನದಲ್ಲಿ ಸಾಗುವಳಿಯ ಆ ಪದ ಹೊಲಕ್ಕೆ ಹಾಕುವ ಗೊಬ್ಬರಕ್ಕೇ ಹೆಸರಾಯಿತು. ಅದೇ ಮಾತು ಫ್ರಾನ್ಸಿನಲ್ಲಿ ಬೇರೊಂದು ದಾರಿ ಹಿಡಿದು ಸೇನೆಯ ಚಾಕಚಕ್ಯತೆಯ ನಡೆಗೆ ಹೆಸರಾಗಿ, 18ನೆಯ ಶತಮಾನದಲ್ಲಿ ಮನೂವರ್ ಎಂಬ ರೂಪದಲ್ಲಿ ಇಂಗ್ಲಿಷಿಗೆ ಎರಡನೆಯ ಬಾರಿ ಬಂತು. ಒಂದೇ ಪದದ ಒಂದು ಮಗು ತಿಪ್ಪೆಗೆ ಹೋಯಿತು, ಇನ್ನೊಂದು ದಂಡಿಗೆ ಹೋಯಿತು. ಎಟಿಮ್‌ಆನ್‌ಲೈನ್ ಈ ಎರಡು ನಮೂದುಗಳನ್ನು ಪರಸ್ಪರ ಕೊಂಡಿಯಿಂದ ಜೋಡಿಸಿರುವುದರಿಂದ ಓದುಗನಿಗೆ ಈ ಸಂಬಂಧ ತಾನಾಗಿ ಕಣ್ಣಿಗೆ ಬೀಳುತ್ತದೆ. ಅಚ್ಚಾದ ನಿಘಂಟಿನಲ್ಲಿ ಪುಟ ತಿರುವುವವನಿಗೆ ಈ ಭಾಗ್ಯವಿಲ್ಲ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯನ್ನೇ ಮನ್ಯೂರ್ ಪದದ ವ್ಯುತ್ಪತ್ತಿಯೆಂದು ಹೇಳಿಕೊಟ್ಟೆ. ಅವಳು ಅದನ್ನು ಇನ್ನು ಮರೆಯಲಾರಳು.

ಹಾಗಾದರೆ ಮನುಷ್ಯ ಎಲ್ಲಿ? ಮ್ಯಾನ್ ಎಂಬ ಪದ ಜರ್ಮಾನಿಕ್ ಮೂಲದ್ದು. ಸಂಸ್ಕೃತದ ಮನು ಅದರ ಜ್ಞಾತಿ, ಆದ್ದರಿಂದ ನಮ್ಮ ಮಾನವ, ಮನುಷ್ಯ ಪದಗಳು ಅದಕ್ಕೆ ದೂರದ ದಾಯಾದಿಗಳು. ಹಳೆಯ ಇಂಗ್ಲಿಷಿನಲ್ಲಿ ಮ್ಯಾನ್ ಗಂಡಸಿಗೂ ಹೆಂಗಸಿಗೂ ಸಲ್ಲುತ್ತಿತ್ತು. ಇದು ‘ಆಲೋಚಿಸು’ ಎಂಬ ಧಾತುವಿಗೆ ಸೇರಿದ್ದೆಂದು ಕೆಲವರು ಹೇಳುತ್ತಾರೆ, ಎಲ್ಲ ವಿದ್ವಾಂಸರೂ ಒಪ್ಪಿಲ್ಲ ಎಂದು ತಾಣ ಸ್ಪಷ್ಟವಾಗಿ ಬರೆದಿದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಒಪ್ಪಿಕೊಳ್ಳುವ ಈ ಗುಣಕ್ಕೆ ನಾನು ಹೆಚ್ಚು ಅಂಕ ಕೊಡುತ್ತೇನೆ, ಏಕೆಂದರೆ ಪದಮೂಲದ ವಿಷಯದಲ್ಲಿ ನಮ್ಮಲ್ಲಿ ಧೈರ್ಯಕ್ಕೆ ಕೊರತೆಯಿಲ್ಲ: ಮನೆ ಮತ್ತು ಮ್ಯಾನ್ಷನ್ ಒಂದೇ ಪದ ಎಂದು ವೇದಿಕೆಯ ಮೇಲೆ ಸಾರುವವರನ್ನು ಕೇಳಿದ್ದೇನೆ. ಮ್ಯಾನ್ಷನ್ ಲ್ಯಾಟಿನ್ನಿನ ‘ತಂಗು, ಉಳಿ’ ಎಂಬ ಕ್ರಿಯಾಪದದಿಂದ ಬಂದದ್ದು, ಮನೆ ದ್ರಾವಿಡ ಪದ. ಹೋಲಿಕೆ ಚೆನ್ನಾಗಿದೆ, ನಂಟಿಗೆ ಆಧಾರವಿಲ್ಲ.

ಆಲೋಚನೆಯ ಆ ಧಾತುವಿಗೆ ನಿಸ್ಸಂದೇಹವಾಗಿ ಸೇರಿದವು ಗ್ರೀಕಿನಿಂದ ಬಂದ ಮೇನಿಯಾ, ಸಂಸ್ಕೃತದಿಂದ ಹೋದ ಮಂತ್ರ, ಮತ್ತು ನನಗೆ ಎಲ್ಲಕ್ಕಿಂತ ಪ್ರಿಯವಾದ ಮ್ಯಾಂಡರಿನ್. ಚೀನಾದ ಅಧಿಕಾರಿಗಳನ್ನು ಯುರೋಪಿನವರು ಕರೆದ ಈ ಹೆಸರು ಚೀನೀ ಪದವೇ ಅಲ್ಲ. ಅದು ನಮ್ಮ ಮಂತ್ರಿ. ಮಲಯ ಭಾಷೆಯನ್ನು ಹೊಕ್ಕ ಮಂತ್ರಿಯನ್ನು ಪೋರ್ಚುಗೀಸರು ಎತ್ತಿಕೊಂಡಾಗ, ತಮ್ಮ ಭಾಷೆಯ ‘ಆಜ್ಞಾಪಿಸು’ ಎಂಬ ಕ್ರಿಯಾಪದದ ಪ್ರಭಾವಕ್ಕೆ ಸಿಕ್ಕಿ ಅದನ್ನು ಸ್ವಲ್ಪ ತಿರುಚಿದರು. ಆ ಕ್ರಿಯಾಪದವಾದರೋ ಮ್ಯಾಂಡೇಟ್‌ನ ಸೋದರ, ಅಂದರೆ ಮತ್ತೆ ಅದೇ ಲ್ಯಾಟಿನ್ ಕೈ. ಹೀಗೆ ಆಲೋಚಿಸುವ ಮಂತ್ರಿಯ ಹೆಸರಿನೊಳಗೆ ಅಪ್ಪಣೆ ಕೊಡುವ ಕೈಯೊಂದು ಸಮುದ್ರದ ದಾರಿಯಲ್ಲಿ ಸೇರಿಕೊಂಡಿತು. ಕಿತ್ತಳೆಯ ಜಾತಿಯ ಹಣ್ಣಿಗೆ ಅದೇ ಹೆಸರು ಬಂದದ್ದು ಆ ಅಧಿಕಾರಿಗಳ ನಿಲುವಂಗಿಯ ಬಣ್ಣದಿಂದ ಎನ್ನುತ್ತಾರೆ.

ಉಳಿದವು ಬಿಡಿಬಿಡಿ. ಕೊಟ್ಟಿಗೆಯ ಮೇವುತೊಟ್ಟಿಯಾದ ಮೇಂಜರ್ ಮತ್ತು ದವಡೆಯಾದ ಮ್ಯಾಂಡಿಬಲ್ ‘ಅಗಿ’ ಎಂಬ ಲ್ಯಾಟಿನ್ ಪದದ ಸಂತಾನ. ಸಂಡೂರಿನ ಗಣಿಗಳಿಂದ ನಮಗೆ ಪರಿಚಿತವಾದ ಮ್ಯಾಂಗನೀಸ್, ಮೆಗ್ನೀಸಿಯಾ ಎಂಬುದು ಇಟಲಿಯ ಬಾಯಲ್ಲಿ ಕೆಟ್ಟ ರೂಪ. ಕಡಲಹಸುವೆನ್ನುವ ಮ್ಯಾನೇಟಿಗೆ ಕೈಯಂಥ ಈಜುರೆಕ್ಕೆ ಇರುವುದರಿಂದ ಲ್ಯಾಟಿನ್ ಕೈಯೇ ಮೂಲವೆಂದು ಅನೇಕರು ಭಾವಿಸಿದ್ದರು. ತಾಣ ಅದನ್ನು ಕೆರಿಬಿಯನ್ ಜನರ ಭಾಷೆಯ ‘ಕೆಚ್ಚಲು’ ಎಂಬರ್ಥದ ಪದಕ್ಕೆ ಕೊಂಡೊಯ್ಯುತ್ತದೆ.

ನನ್ನ ಆಕ್ಷೇಪಣೆ ಇರುವುದು ಮ್ಯಾಂಗೋ ಪದದಲ್ಲಿ. 1580ರ ದಶಕದಲ್ಲಿ ಇಂಗ್ಲಿಷಿಗೆ ಬಂತು, ಪೋರ್ಚುಗೀಸ್ ಮೂಲಕ ಬಂತು, ಅದಕ್ಕೆ ಮೊದಲು ಮಲಯ, ಅದಕ್ಕೂ ಮೊದಲು ತಮಿಳು ಎಂದು ನಮೂದು ಹೇಳುತ್ತದೆ. ಮಲಯಾಳದ ಮಾಂಗವನ್ನು ನೇರ ಮೂಲವೆಂದು ಕೊಡುವ ನಿಘಂಟುಗಳೂ ಇವೆ. ತಮಿಳು ಪದವನ್ನು ಬಿಡಿಸುವಾಗ ‘ಕಾಯ್’ ಎಂಬುದಕ್ಕೆ ‘ಹಣ್ಣು’ ಎಂಬ ಅರ್ಥ ಕೊಟ್ಟು ಮುಂದೆ ಹೋಗಿಬಿಡುತ್ತದೆ. ಕಾಯಿಗೂ ಹಣ್ಣಿಗೂ ಭೇದವಿಲ್ಲದ ಭಾಷೆಯವರಿಗೆ ಇದು ಸಣ್ಣ ವಿಷಯವಿರಬಹುದು, ಮಾವಿನಕಾಯಿಯ ಚಿತ್ರಾನ್ನ ಉಣ್ಣುವ ನಮಗಲ್ಲ. ಈ ಭೇದವನ್ನು ಹಿಡಿದಿದ್ದರೆ ಇನ್ನೊಂದು ಕಥೆಯೂ ದಕ್ಕುತ್ತಿತ್ತು: ದೂರದ ಹಡಗುಯಾನದಲ್ಲಿ ಹಣ್ಣು ಉಳಿಯುವುದಿಲ್ಲ, ಉಪ್ಪಿನಕಾಯಿ ಉಳಿಯುತ್ತದೆ, ಆದ್ದರಿಂದಲೇ ಒಂದು ಕಾಲದಲ್ಲಿ ಇಂಗ್ಲಿಷರ ಅಡುಗೆಮನೆಯಲ್ಲಿ ಮಸಾಲೆ ತುಂಬಿ ಉಪ್ಪಿನಕಾಯಿ ಹಾಕಿದ ಕರಬೂಜಕ್ಕೂ ಮ್ಯಾಂಗೋ ಎಂಬ ಹೆಸರಿತ್ತು. ದ್ರಾವಿಡ ಪದಗಳನ್ನು ರೋಮನ್ ಲಿಪಿಯಲ್ಲಿ ದೀರ್ಘದ ಗುರುತೂ ಇಲ್ಲದೆ ಬರೆದಿರುವುದು ಇನ್ನೊಂದು ಕೊರತೆ. ಯುರೋಪಿನೊಳಗೆ ಐದಾರು ಭಾಷೆಗಳವರೆಗೆ ಬೆನ್ನಟ್ಟಿ ಹೋಗುವ ಈ ನಿಘಂಟು, ಪದ ನಮ್ಮ ಕರಾವಳಿಯನ್ನು ತಲಪಿದ ಕೂಡಲೇ ದಣಿದಂತೆ ಕಾಣುತ್ತದೆ.

ಅಲ್ಲಿಂದ ಮುಂದಕ್ಕೆ ಬೇರೆ ಆಸರೆ ಬೇಕು. ಬರೋ ಮತ್ತು ಎಮೆನೊ ಅವರ ದ್ರಾವಿಡ ವ್ಯುತ್ಪತ್ತಿ ಕೋಶದ 1984ರ ಎರಡನೆಯ ಆವೃತ್ತಿ ಷಿಕಾಗೊ ವಿಶ್ವವಿದ್ಯಾಲಯದ ತಾಣದಲ್ಲಿ ಉಚಿತವಾಗಿ ದೊರೆಯುತ್ತದೆ; ಅಲ್ಲಿ ತಮಿಳಿನ ರೂಪಗಳ ಜೊತೆಗೆ ಕನ್ನಡದ ಮಾವು ಕೂಡ ಕಾಣುತ್ತದೆ. ನಾನು ಈಗ ಎರಡು ಕಿಟಕಿಗಳನ್ನೂ ಒಟ್ಟಿಗೆ ತೆರೆದಿಟ್ಟುಕೊಳ್ಳುತ್ತೇನೆ. ಪದವಿಪೂರ್ವ ತರಗತಿಯಿಂದ ಮೇಲಿನ ವಿದ್ಯಾರ್ಥಿಗಳಿಗೆ, ಇಂಗ್ಲಿಷ್ ಅಧ್ಯಾಪಕರಿಗೆ, ಅನುವಾದಕರಿಗೆ ಎಟಿಮ್‌ಆನ್‌ಲೈನ್ ಧಾರಾಳವಾಗಿ ಶಿಫಾರಸು ಮಾಡಬಹುದಾದ ಸಾಧನ. ಶಾಲೆಯ ಚಿಕ್ಕ ಮಕ್ಕಳಿಗೆ ಅದರ ಇಂಗ್ಲಿಷ್ ಬಿಗಿಯಾದೀತು, ಪಕ್ಕದಲ್ಲಿ ದೊಡ್ಡವರೊಬ್ಬರು ಕೂರಬೇಕು.

ಅಕ್ಕನ ಮಗಳು ಪುಸ್ತಿಕೆಯ ಆ ಚೌಕಕ್ಕೆ ಅಡ್ಡಗೆರೆ ಎಳೆದು, ಪಕ್ಕದ ಖಾಲಿ ಜಾಗದಲ್ಲಿ ಇದೇ ಆಟವನ್ನು ಕನ್ನಡದಲ್ಲಿ ಆಡಿದ್ದಾಳೆ. ಕೈಚೀಲ, ಕೈಬರಹ, ಕೈಕೋಳ ಒಂದು ಸಾಲು. ಕೈಲಾಸ, ಕೇವಲದಿಂದ ಬಂದ ಕೈವಲ್ಯ, ಕಿಂಕರನಿಂದ ಬಂದ ಕೈಂಕರ್ಯ ಇನ್ನೊಂದು. ಅರಬ್ಬಿ ಮೂಲದ ಕೈಫಿಯತ್ತು, ಕೈದಿ ಮೂರನೆಯದು. ಕೆಳಗೆ ಪೆನ್ಸಿಲ್ಲಿನಲ್ಲಿ ಬರೆದಿದ್ದಳು: ‘ಕೈದಿಗೆ ತೊಡಿಸಿದ ಕೋಳದಲ್ಲಿ ಕೈ ಇದೆ, ಕೈದಿಯಲ್ಲಿ ಇಲ್ಲ.’